ಪುಟ್ಟಿಯ ನಡಿಗೆ ನಿಲ್ಲಿಸಬೇಡಿ ಅಪ್ಪ

ದಮ್ಮಾಮ್, ಸೌದಿ ಅರೇಬಿಯಾ, 19 ಏಪ್ರಿಲ್ 2025, ಶನಿವಾರ

ಪ್ರೀತಿಯ ಅಪ್ಪ, ಅಮ್ಮ, ಪುಟ್ಟಿಗೆ,

ನಾನಿಲ್ಲಿ ಚೆನ್ನಾಗಿದ್ದೇನೆ. ಬಿಸು ಹಬ್ಬದ ದಿವಸ ಫೋನ್ ಮಾಡಿದಾಗ ಅಪ್ಪನ ಹತ್ರ ಸರಿಯಾಗಿ ಮಾತಾಡ್ಲಿಕ್ಕೇ ಆಗ್ಲಿಲ್ಲ, ನೆಟ್‌ವರ್ಕ್ ಕಟ್ ಆಗಿ ಆಗಿ ಮತ್ತೆ ಅಪ್ಪ ತೋಟಕ್ಕೆ ಹೋದ್ರು ಅಂತ ಅಮ್ಮ ಹೇಳಿದ್ದು. ಪುಟ್ಟಿ ರೇಸ್ ವಾಕಿಂಗ್, ಅಂದ್ರೆ ನಡಿಗೆ ಸ್ಪರ್ಧೆ, ನಿಲ್ಲಿಸ್ಬೇಕು ಅಂತ ಅಪ್ಪ ಹೇಳಿದ ವಿಷಯದಲ್ಲಿ ಹೇಳ್ಲಿಕ್ಕೆ ತುಂಬಾ ಉಂಟು, ಅದಕ್ಕೆ ಕೂತು ಟೈಪ್ ಮಾಡ್ತಾ ಇದ್ದೇನೆ. ಅಮ್ಮ, ನೀನೇ ಇದನ್ನು ಅಪ್ಪನಿಗೆ ಓದಿ ಹೇಳು, ರಾತ್ರಿ ಊಟ ಆದ ಮೇಲೆ ಓದು, ಆಗ ಅಪ್ಪ ಸಮಾಧಾನದಲ್ಲಿ ಇರ್ತಾರೆ.

ಹಬ್ಬಕ್ಕೆ ಇಟ್ಟ ಕಣಿಯ ಫೋಟೋ ನೋಡಿದೆ. ನಮ್ಮದೇ ಸೌತೆ, ನಮ್ಮದೇ ಹಿಂಗಾರ. ನೋಡ್ತಾ ಇದ್ದ ಹಾಗೆ ಕಣ್ಣು ತುಂಬಿತು.

ಈಗ ವಿಷಯಕ್ಕೆ ಬರ್ತೇನೆ. ಈ ವಾರ 15ರಿಂದ 18ರ ತನಕ ಇಲ್ಲಿ ನಮ್ಮ ದಮ್ಮಾಮಿನಲ್ಲೇ ಏಷ್ಯಾದ ಅಂಡರ್ 18 ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ಆಯ್ತು. 2015ರಲ್ಲಿ ದೋಹಾದಲ್ಲಿ ಶುರುವಾದ ಕೂಟ, ಇದು ಆರನೇದ್ದು. ಡಿಸೆಂಬರ್ 31ಕ್ಕೆ ಹದಿನೆಂಟು ತುಂಬಿರಬಾರದು, ಅಂದ್ರೆ ಈ ಸಲ 2008ರಲ್ಲಿ ಅಥವಾ ಅದರ ಮೇಲೆ ಹುಟ್ಟಿದವರಿಗೆ ಮಾತ್ರ. ನಮ್ಮ ರೂಮಿನ ಬಂದ್ಯೋಡಿನ ಹುಡುಗ ಒಬ್ಬ ಪೇಪರ್‌ನಲ್ಲಿ ನೋಡಿ ಹೇಳಿದ್ದು, ಇಲ್ಲದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ಸೂಪರ್‌ವೈಸರ್ ಹತ್ರ ಕೇಳಿ ಶಿಫ್ಟ್ ಬದಲಾಯಿಸಿಕೊಂಡು ಹೋದೆ. ಎಂತಕ್ಕೆ ಅಂದ್ರೆ ಅದರಲ್ಲಿ ನಡಿಗೆ ಸ್ಪರ್ಧೆ ಉಂಟು ಅಂತ ಗೊತ್ತಾಯ್ತು. ಪುಟ್ಟಿ ಮಾಡುವುದು ಅದೇ ಅಲ್ವಾ.

ಅಪ್ಪ, ನಾನು ಈ ತನಕ ನಿಜವಾದ ರೇಸ್ ವಾಕಿಂಗ್ ಹತ್ತಿರದಿಂದ ನೋಡಿರ್ಲಿಲ್ಲ. ಉಪಜಿಲ್ಲಾ ಕ್ರೀಡಾಕೂಟಕ್ಕೆ ಹೋಗ್ತಿದ್ದ ಕಾಲದಲ್ಲಿ ನಾನು 1500 ಓಡಿ ಮುಗಿಸಿ ನೆರಳಲ್ಲಿ ಕೂತ್ಕೊಳ್ತಿದ್ದೆ, ನಡಿಗೆಯವರು ಬೆಳಿಗ್ಗೆ ಯಾರೂ ಇಲ್ಲದ ಹೊತ್ತಲ್ಲಿ ನಡೆದು ಹೋಗ್ತಿದ್ರು. ಇಲ್ಲಿ ಹುಡುಗರದ್ದು 5000 ಮೀಟರ್, ಅಂದ್ರೆ 400 ಮೀಟರ್ ಟ್ರ್ಯಾಕಿನಲ್ಲಿ ಹನ್ನೆರಡೂವರೆ ಸುತ್ತು. ನಮ್ಮ ಭಾರತದ ಹುಡುಗ ನಿತಿನ್ ಗುಪ್ತಾ, 17 ವರ್ಷ ಪ್ರಾಯ. ಅವನೂ ಚೀನಾದ ಒಬ್ಬನೂ ಬೇರೆ ಎಲ್ಲರನ್ನೂ ಹಿಂದೆ ಬಿಟ್ಟು ಹೋದ್ರು, ಮೂರನೆಯವನು ಬಂದು ಮುಟ್ಟುವಾಗ ಒಂದು ನಿಮಿಷದ ಮೇಲೆ ಆಗಿತ್ತು. ಕಡೆಗೆ ಇಬ್ಬರೂ ಒಟ್ಟಿಗೇ ಗೆರೆ ದಾಟಿದ್ರು, ಯಾರು ಮುಂದೆ ಅಂತ ನಮಗೆ ಕೂತಲ್ಲಿಂದ ಗೊತ್ತಾಗ್ಲಿಲ್ಲ, ನನ್ನ ಹತ್ತಿರ ಇದ್ದ ಮಲಯಾಳಿಗಳು ನಾವೇ ಗೆದ್ದದ್ದು ಅಂತ ಎದ್ದು ಕೂಗಿಯೂ ಆಗಿತ್ತು. ಆಮೇಲೆ ಬೋರ್ಡಿನಲ್ಲಿ ಬಂತು. ಚೀನಾದವ 20 ನಿಮಿಷ 21.50 ಸೆಕೆಂಡ್, ನಮ್ಮವ 20 ನಿಮಿಷ 21.51.

ಒಂದು ಸೆಕೆಂಡಿನ ನೂರರಲ್ಲಿ ಒಂದು ಪಾಲು ಅಪ್ಪ! ಐದು ಕಿಲೋಮೀಟರ್ ನಡೆದು!

ರೂಮಿಗೆ ಬಂದು ನಾನು ಲೆಕ್ಕ ಹಾಕಿ ನೋಡಿದೆ, ಅವರ ಸ್ಪೀಡಿಗೆ ಅಷ್ಟು ಹೊತ್ತಲ್ಲಿ ಹೋಗುವ ದೂರ ನಾಲ್ಕು ಸೆಂಟಿಮೀಟರ್. ಒಂದು ಹಣ್ಣಡಿಕೆ ಅಡ್ಡ ಇಟ್ಟಷ್ಟು. ಅಷ್ಟರಲ್ಲಿ ಚಿನ್ನ ಹೋಗಿ ಬೆಳ್ಳಿ ಆಯ್ತು. ನನಗೆ ಆಗಲೇ ನಿಮ್ಮ ನೆನಪಾದದ್ದು. ನಾವು ಸಣ್ಣಾಗಿರುವಾಗ ಕರೆಂಟ್ ಹೋದ ರಾತ್ರಿ ಜಗಲಿಯಲ್ಲಿ ಕೂತು ಪಿ.ಟಿ. ಉಷಾ ಕಥೆ ನೀವು ಹೇಳ್ತಿದ್ರಿ, 1984ರಲ್ಲಿ ಲಾಸ್ ಏಂಜಲೀಸಿನಲ್ಲಿ 400 ಮೀಟರ್ ಹರ್ಡಲ್ಸ್, ಮೂರನೆಯವಳದ್ದು 55.41, ಉಷಾಳದ್ದು 55.42, ಗೆರೆ ಹತ್ರ ಎದೆ ಮುಂದೆ ಬಾಗಿಸಿದ್ರೆ ಪದಕ ಬರ್ತಿತ್ತು ಅಂತ. ತಲೆ ಅಲ್ಲ ಕೈ ಅಲ್ಲ, ಎದೆ ಮುಟ್ಟಿದ್ದೇ ಲೆಕ್ಕ ಅಂತ ನನಗೆ ಕಲಿಸಿದ್ದು ನೀವೇ. ಪಯ್ಯೋಳಿಯ ಹುಡುಗಿ ಉಷಾಳಿಗೆ ಅಷ್ಟು ಮರುಗಿದವರು ನಮ್ಮ ಮನೆ ಹುಡುಗಿಗೆ ಸಾಕು ನಿಲ್ಲಿಸು ಅಂತ ಹೇಳಿದ್ದು ಕೇಳಿ ನನಗೆ ತುಂಬಾ ಬೇಜಾರಾಯ್ತು.

ಅಮ್ಮ ಎಲ್ಲ ಹೇಳಿದ್ದಾಳೆ. ರೋಡಿನಲ್ಲಿ ಪ್ರಾಕ್ಟೀಸ್ ಮಾಡುವಾಗ ಅಂಗಡಿ ಜಗಲಿಯಲ್ಲಿ ಕೂತವರು ಸೊಂಟ ಕುಣಿಸಿಕೊಂಡು ಹೋಗ್ತಾಳೆ ಅಂತ ನಗಾಡಿದ್ರಂತೆ, ಅದು ದೊಡ್ಡಮ್ಮನ ಕಿವಿಗೆ ಹೋಗಿ ಅಲ್ಲಿಂದ ನಿಮ್ಮ ಕಿವಿಗೆ ಬಂತಂತೆ. ಅಪ್ಪ, ಆ ಸೊಂಟ ತಿರುಗಿಸುವುದು ಚಂದಕ್ಕೆ ಅಲ್ಲ. ನಡಿಗೆಯಲ್ಲಿ ಎರಡು ನಿಯಮ ಉಂಟು. ಯಾವಾಗಲೂ ಒಂದು ಪಾದ ನೆಲದಲ್ಲೇ ಇರ್ಬೇಕು, ಎರಡೂ ಕಾಲು ಗಾಳಿಯಲ್ಲಿ ಇದ್ದದ್ದು ಜಡ್ಜ್ ಕಣ್ಣಿಗೆ ಕಾಣಬಾರದು. ಮತ್ತೆ ಮುಂದಿಟ್ಟ ಕಾಲು ನೆಲ ಮುಟ್ಟಿದಲ್ಲಿಂದ ಮೈ ಅದರ ಮೇಲೆ ನೇರ ಬರುವ ತನಕ ಮೊಣಗಂಟು ಮಡಚಬಾರದು. ಗಂಟು ಮಡಚದೆ, ಹಾರದೆ, ಸ್ಪೀಡಲ್ಲಿ ಹೋಗ್ಬೇಕಾದ್ರೆ ಹೆಜ್ಜೆ ಉದ್ದ ಮಾಡ್ಲಿಕ್ಕೆ ಸೊಂಟ ತಿರುಗಲೇಬೇಕು, ಬೇರೆ ದಾರಿಯೇ ಇಲ್ಲ. ಇಲ್ಲಿ ಚೀನಾದವನೂ ಹಾಗೇ ನಡೆದದ್ದು, ನಮ್ಮ ನಿತಿನ್ ಕೂಡ ಹಾಗೇ, ಅಷ್ಟು ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಒಬ್ಬರೂ ನಗ್ಲಿಲ್ಲ. ಮಲಪ್ಪುರಂನ ಕೆ.ಟಿ. ಇರ್ಫಾನ್ ಹೀಗೇ ನಡೆದು 2012ರ ಲಂಡನ್ ಒಲಿಂಪಿಕ್ಸಿನಲ್ಲಿ 20 ಕಿಲೋಮೀಟರಿಗೆ ಹತ್ತನೇ ಬಂದದ್ದು. ಪ್ರಿಯಾಂಕಾ ಗೋಸ್ವಾಮಿ 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತಿನಲ್ಲಿ 10 ಕಿಲೋಮೀಟರಿಗೆ ಬೆಳ್ಳಿ ತಂದದ್ದು, ಅವಳ ಅಪ್ಪ ಬಸ್ ಕಂಡಕ್ಟರ್ ಆಗಿದ್ದವರು. ದೊಡ್ಡಮ್ಮನಿಗೆ ಇದನ್ನೂ ಓದಿ ಹೇಳಿ.

ಮತ್ತೆ ನೀಲೇಶ್ವರದಲ್ಲಿ ಆದ ಜಿಲ್ಲಾ ಕ್ರೀಡಾಕೂಟದ ವಿಷಯ. ಪುಟ್ಟಿ, ಇದು ನಿನಗೆ.

ಉಪಜಿಲ್ಲೆಯಲ್ಲಿ 3 ಕಿಲೋಮೀಟರಿಗೆ ಫಸ್ಟ್ ಬಂದವಳು ಜಿಲ್ಲಾ ಮಟ್ಟದಲ್ಲಿ ಡಿಸ್‌ಕ್ವಾಲಿಫೈ ಆದೆ ಅಂತ ಬಸ್ಸಿನಲ್ಲಿ ಕಾಸರಗೋಡು ಬರುವ ತನಕ ಅತ್ತೆಯಂತೆ. ನಮ್ಮ ಶಾಲೆ ಗ್ರೌಂಡ್ 200 ಮೀಟರ್, ಮುರಕಲ್ಲಿನ ಹುಡಿ, ಮಳೆ ಬಂದ್ರೆ ಕೆಸರು. ಅಲ್ಲಿಂದ ಬೆಳಗ್ಗೆ ಕತ್ತಲಲ್ಲಿ ಹೊರಟು ಎರಡು ಬಸ್ ಹಿಡಿದು ಹೋಗಿ ಇ.ಎಂ.ಎಸ್. ಸ್ಟೇಡಿಯಂನ ಸಿಂಥೆಟಿಕ್ ಟ್ರ್ಯಾಕಿನಲ್ಲಿ ಮೊದಲ ಸಲ ಕಾಲಿಟ್ಟವಳು ನೀನು. ಆ ಟ್ರ್ಯಾಕ್ ಕಾಲನ್ನು ಮೇಲಕ್ಕೆ ದೂಡ್ತದೆ, ನನಗೆ ಗೊತ್ತುಂಟು. ಮೈಕಿನಲ್ಲಿ ಹೇಳುವುದೆಲ್ಲ ಮಲಯಾಳದಲ್ಲಿ, ನಿನ್ನ ಚೆಸ್ಟ್ ನಂಬರ್ ಕರೆದದ್ದು ಗೊತ್ತಾಗದೆ ಓಡಿ ಹೋಗಿ ಗೆರೆಯಲ್ಲಿ ನಿಂತೆ ಅಂತ ಹೇಳಿದ್ದಿಯಲ್ಲ, ಆ ಗಾಬರಿಯಲ್ಲಿ ಮೊದಲ ಸುತ್ತೇ ಓಡಿದ ಹಾಗೆ ಆಗಿರ್ತದೆ. ಮೂರು ಬೇರೆ ಬೇರೆ ಜಡ್ಜ್‌ಗಳು ರೆಡ್ ಕಾರ್ಡ್ ಕೊಟ್ರೆ ಹೊರಗೆ, ಒಬ್ಬರು ಒಂದೇ ಕೊಡ್ಲಿಕ್ಕಾಗುವುದು. ಕ್ಯಾಮೆರಾ ನೋಡಿ ಅಲ್ಲ, ಬರೀ ಕಣ್ಣಲ್ಲಿ ನೋಡಿ. ಹಳದಿ ಬ್ಯಾಟಿನ ಹಾಗಿದ್ದನ್ನು ತೋರಿಸಿದ್ರೆ ಅದು ಎಚ್ಚರಿಕೆ ಮಾತ್ರ, ಅದರಲ್ಲಿ ಮಡಚಿದ ಗೆರೆ ಇದ್ರೆ ಗಂಟಿನದ್ದು, ಅಲೆ ಹಾಗೆ ಇದ್ರೆ ಕಾಲು ಎತ್ತಿದ್ದು. ನಿನಗೆ ಯಾವುದು ತೋರಿಸಿದ್ದು ಅಂತ ನೆನಪುಂಟಾ? ಅದು ಗೊತ್ತಾದ್ರೆ ಎಂತ ಸರಿ ಮಾಡ್ಬೇಕು ಅಂತ ಗೊತ್ತಾಗ್ತದೆ.

ಇಲ್ಲಿ ನಾನು ಕಂಬಿ ಹತ್ರ ನಿಂತು ಬರೀ ಅವರ ಕಾಲೇ ನೋಡಿದ್ದು. ಹಿಮ್ಮಡಿ ಮೊದಲು ಮುಟ್ತದೆ, ಬೆರಳು ಮೇಲೆ, ಕಾಲು ಕೋಲಿನ ಹಾಗೆ ನೇರ. ಭುಜ ಮೇಲೆ ಕೆಳಗೆ ಹೋಗುವುದೇ ಇಲ್ಲ, ತಲೆಯಲ್ಲಿ ನೀರಿನ ಕೊಡ ಇಟ್ರೂ ತುಳುಕದು, ಕೈ ಮಾತ್ರ ಸಣ್ಣದಾಗಿ ಹಿಂದೆ ಮುಂದೆ. ನೀನು ಸುಸ್ತಾದಾಗ ಮುಂದೆ ಬಗ್ಗುತ್ತಿ, ಆ ವಿಡಿಯೋದಲ್ಲಿ ನೋಡಿದೆ, ಬಗ್ಗಿದ್ರೆ ಗಂಟು ತಾನಾಗಿ ಮಡಚ್ತದೆ. ನಾಳೆಯಿಂದ ಒಂದು ಕೆಲಸ ಮಾಡು, ಅಮ್ಮನ ಹತ್ರ ಮೊಬೈಲ್ ಕೊಟ್ಟು ಸೈಡಿನಿಂದ ಸ್ಲೋ ಮೋಷನ್ ವಿಡಿಯೋ ತೆಗೆಸಿ ಕಳಿಸು, ಮೊದಲ ಸುತ್ತಿನದ್ದೂ ಕಡೇ ಸುತ್ತಿನದ್ದೂ ಎರಡೂ ಬೇಕು. ನಾನು ಡ್ಯೂಟಿ ಬಿಟ್ಟು ಬಂದು ನೋಡಿ ಹೇಳ್ತೇನೆ.

ಅಪ್ಪ, ರೋಡಿನಲ್ಲಿ ಬೇಡ ಅನ್ನುವುದು ನನಗೂ ಒಪ್ಪಿಗೆ. ಚೆರ್ಕಳ ಕಲ್ಲಡ್ಕ ರೋಡಿನ ತಿರುವಿನಲ್ಲಿ ಬಸ್ಸು ಬರುವ ಸ್ಪೀಡ್ ನೋಡಿದ್ರೆ ಹೆದರಿಕೆ ಆಗ್ತದೆ. ಶಾಲೆ ಗ್ರೌಂಡಿಗೆ ಬೆಳಿಗ್ಗೆ ಆರಕ್ಕೆ ಹೋಗ್ಲಿ, ನೀವು ಸೊಸೈಟಿಗೆ ಹಾಲು ಕೊಡ್ಲಿಕ್ಕೆ ಹೋಗುವಾಗ ಬಿಟ್ಟು ಬರುವಾಗ ಕರ್ಕೊಂಡು ಬನ್ನಿ, ಮುಕ್ಕಾಲು ಗಂಟೆ ಸಾಕು. ಈಗ ಏಪ್ರಿಲ್ ಮೇ ಎರಡು ತಿಂಗಳು ಮಾತ್ರ ಸಿಗುವುದು. ಜೂನ್ ಬಂದ್ರೆ ಮಳೆ, ಅವಳಿಗೆ ಹತ್ತನೇ ಕ್ಲಾಸೂ ಶುರು. ಓದ್ಲಿಕ್ಕೆ ತೊಂದ್ರೆ ಆಗ್ತದೆ ಅಂತ ನಿಮಗೆ ಚಿಂತೆ, ಗೊತ್ತುಂಟು. ನಾನು ಹತ್ತನೇಯಲ್ಲಿ ಓಟ ಬಿಟ್ಟೆ, ನೀವು ಬಿಡು ಅಂದದ್ದಲ್ಲ, ಶಾಲೆಯಲ್ಲೇ ಒಬ್ಬರು ಓಡಿ ಎಂತ ಸಿಗ್ತದೆ ಅಂದದ್ದನ್ನು ನಾನು ನಂಬಿದ್ದು. ಬಿಟ್ಟ ಮೇಲೆ ನನ್ನ ಮಾರ್ಕ್ ಏನೂ ಹೆಚ್ಚಾಗ್ಲಿಲ್ಲ ಅಪ್ಪ. ಸಂಜೆ ಆ ಒಂದು ಗಂಟೆ ನಾನು ಸುಮ್ಮನೆ ಕಟ್ಟೆಯಲ್ಲಿ ಕೂತದ್ದು, ಅದನ್ನು ಈಗ ನೆನೆಸಿದ್ರೆ ಹೊಟ್ಟೆಯೊಳಗೆ ಉರಿದ ಹಾಗೆ ಆಗ್ತದೆ. ಪುಟ್ಟಿ ಹುಟ್ಟಿದ್ದು 2010ರಲ್ಲಿ, ಅಂಡರ್ 18ಕ್ಕೆ ಅವಳಿಗೆ 2027ರ ತನಕ ಪ್ರಾಯ ಉಂಟು. ಇನ್ನೂ ಮೂರು ಸೀಸನ್. ಏಷ್ಯಾಕ್ಕೆ ಹೋಗ್ತಾಳೆ ಅಂತ ನಾನು ಹೇಳುವುದಿಲ್ಲ, ನೀಲೇಶ್ವರದಲ್ಲಿ ಒಂದೂ ರೆಡ್ ಕಾರ್ಡ್ ಇಲ್ಲದೆ ಅವಳು ಕಡೇ ಗೆರೆ ದಾಟುವುದನ್ನು ನೀವು ಗ್ಯಾಲರಿಯಲ್ಲಿ ಕೂತು ನೋಡ್ಬೇಕು, ನನಗೆ ಅಷ್ಟೇ ಆಸೆ.

ಹೇಳ್ಲಿಕ್ಕೆ ಮರೆತೆ, ಜಾವೆಲಿನ್‌ನಲ್ಲಿ ನಮಗೆ ಚಿನ್ನ ಬಂತು, ಹಿಮಾಂಶು ಅಂತ ಹುಡುಗ, 67.57 ಮೀಟರ್. ಈ ಪ್ರಾಯದ ಹುಡುಗರಿಗೆ ದೊಡ್ಡವರ 800 ಗ್ರಾಮಿಂದಲ್ಲ, 700 ಗ್ರಾಮಿನ ಜಾವೆಲಿನ್. ಅದನ್ನು ನಾನು ರೂಮಿನಲ್ಲಿ ಮೊಬೈಲಲ್ಲಿ ನೋಡಿದ್ದು.

ಬಂದ್ಯೋಡಿನ ಹುಡುಗ ಮುಂದಿನ ತಿಂಗಳು ಊರಿಗೆ ಬರ್ತಾನೆ, ಅವನ ಕೈಯಲ್ಲಿ ಪುಟ್ಟಿಗೆ ಶೂ ಕಳಿಸ್ತೇನೆ. ಹಿಮ್ಮಡಿ ದಪ್ಪ ಇಲ್ಲದ್ದು, ಹಗುರದ್ದು ಬೇಕು, ನಡಿಗೆಗೆ ಅದೇ ಒಳ್ಳೆಯದು. ಪುಟ್ಟಿ, ಸಂಜೆ ಹೊತ್ತು ಪೇಪರ್ ಮೇಲೆ ಎರಡೂ ಪಾದ ಇಟ್ಟು ಪೆನ್ಸಿಲಿನಲ್ಲಿ ಸುತ್ತ ಗೆರೆ ಎಳೆದು, ಉದ್ದ ಅಗಲ ಸ್ಕೇಲಿನಲ್ಲಿ ಅಳೆದು ಬರೆದು ಫೋಟೋ ಕಳಿಸು, ನಿಂತುಕೊಂಡೇ ಅಳೆಯಬೇಕು. ಅಪ್ಪನೇ ಗೆರೆ ಎಳೆದು ಕೊಡ್ಲಿ. ವಿಟ್ಲದ ಚಿಕ್ಕಪ್ಪನಿಗೆ ಇದನ್ನು ಫಾರ್ವರ್ಡ್ ಮಾಡಿ, ಅವರೂ ಕೇಳ್ತಾ ಇದ್ರು.

ಅಮ್ಮ, ಸೊಂಟ ನೋವಿಗೆ ಎಣ್ಣೆ ಹಚ್ಚುವುದು ಬಿಡಬೇಡ. ಶುಕ್ರವಾರ ಫೋನ್ ಮಾಡ್ತೇನೆ, ಅಪ್ಪ ಮನೆಯಲ್ಲಿ ಇರ್ಲಿ.

ನಿಮ್ಮ ಮಗ