ಸುರಂಗಕ್ಕೆ ಹೊರಟ ಮಗಳಿಗೆ

ಪುಟ್ಟೀ,

ಫೋನ್ ಕುಕ್ಕಿಟ್ಟೆ ಅಂತ ಬೇಜಾರು ಮಾಡ್ಕೋಬೇಡ. ಹೃಷಿಕೇಶ-ಕರ್ಣಪ್ರಯಾಗ ರೈಲು ಸುರಂಗದಲ್ಲಿ ಕೆಲಸ ಸಿಕ್ಕಿತು ಅಂದಾಗ ಎದೆ ಉಬ್ಬಿದ್ದು ಸುಳ್ಳಲ್ಲ. "ಹ್ಯಾಕೆಟ್ ಕಥೆ ಹೇಳಿ ಬೆಳೆಸಿದ್ದು ನೀನೇ ಅಲ್ವಾ ಅಪ್ಪಾ" ಅಂದೆ ನೋಡು, ಅಲ್ಲಿಗೆ ನನ್ನ ಬಾಯಿ ಕಟ್ಟಿತು. ಕೆಜಿಎಫ್ ಚಿನ್ನದ ಗಣಿಯ ಸಂಗತಿ ಬರೆಯೋದಿಲ್ಲ, ನಿನಗೆ ಗೊತ್ತಿರೋದೇ.

ವಿಲಿಯಂ ಹ್ಯಾಕೆಟ್ ಇಪ್ಪತ್ತು ವರ್ಷಕ್ಕೂ ಮೇಲೆ ಇಂಗ್ಲೆಂಡಿನ ಕಲ್ಲಿದ್ದಲು ಗಣಿಯಲ್ಲಿ ದುಡಿದವನು. ಮೊದಲನೇ ಮಹಾಯುದ್ಧಕ್ಕೆ ಸೇರೋಕೆ ಹೋದರೆ ವಯಸ್ಸಾಯ್ತು ಅಂತ ಸೈನ್ಯ ವಾಪಸು ಕಳಿಸಿತ್ತು. 1915ರಲ್ಲಿ ಶತ್ರುವಿನ ಕಂದಕದಡಿ ಸುರಂಗ ತೋಡೋಕೆ ಗಣಿಯವರೇ ಬೇಕಾದಾಗ ಅದೇ ಮುದುಕ ಬೇಕಾದ. ಬೆಲ್ಜಿಯಂ ಕಡೆಯ ಫ್ಲಾಂಡರ್ಸಿನ ಜೇಡಿಮಣ್ಣಲ್ಲಿ ಗುದ್ದಲಿ ಸದ್ದಾದರೆ ಕೆಟ್ಟಿತು. ಹಾಗಾಗಿ ಅಲ್ಲಿ ಹಲಗೆಗೆ ಬೆನ್ನು ಆನಿಸಿ, ಎರಡೂ ಪಾದದಿಂದ ಸಲಿಕೆ ಒತ್ತಿ ಮಣ್ಣು ಕೀಳ್ತಿದ್ದರು.

1916ರ ಜೂನ್ 22ರ ನಸುಕು, ಫ್ರಾನ್ಸಿನ ಝಿವಾಂಶಿ. ಜರ್ಮನ್ನರು ನೆಲದಡಿ ಹೂತಿದ್ದ ಮದ್ದು ಸಿಡಿದು ಸುರಂಗ ಕುಸಿಯಿತು. ಒಳಗೆ ಹ್ಯಾಕೆಟ್ ಸೇರಿ ಐವರು. ಸುಮಾರು 20 ಗಂಟೆ ತೋಡಿದ ಮೇಲೆ ಒಂದು ಕಿಂಡಿ ಆಯ್ತು. ಹ್ಯಾಕೆಟ್ ಮೂವರನ್ನು ಅದರಲ್ಲಿ ದಾಟಿಸಿದ. ಉಳಿದವನು ಥಾಮಸ್ ಕಾಲಿನ್ಸ್, 22ರ ಹುಡುಗ, ಏಟಿಗೆ ಮೇಲೇಳಲಾರ. ಹ್ಯಾಕೆಟ್ ಅವನನ್ನು ಬಿಟ್ಟು ಬರಲಿಲ್ಲ. ಮತ್ತೆ ಕುಸಿಯಿತು. ನಾಲ್ಕು ದಿನ ತೋಡಿದರೂ ಸಿಗಲಿಲ್ಲ. ಇಬ್ಬರೂ ಈಗಲೂ ಅಲ್ಲೇ ಇದ್ದಾರೆ.

ಚಿಕ್ಕವಳಿದ್ದಾಗ ಇಷ್ಟೇ ಹೇಳಿದ್ದೆ, ನೀನು ಚಪ್ಪಾಳೆ ತಟ್ಟಿದ್ದೆ. ಹ್ಯಾಕೆಟ್‌ನ ಮನೆಯಲ್ಲಿ ಹೆಂಡತಿ ಆಲಿಸ್ ಇದ್ದಳು, ಮಗಳಿದ್ದಳು, ಗಣಿಯಲ್ಲಿ ಕಾಲು ಕಳಕೊಂಡ ಮಗನಿದ್ದ. ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು, ಅವನು ಬರಲಿಲ್ಲ. ನನಗೆ ಆ ಕಿಂಡಿಯದೇ ಯೋಚನೆ. ತೆರೆದೇ ಇತ್ತಲ್ಲ ಪುಟ್ಟೀ! ಹೊರಗಿನವರು ಕೂಗಿ ಕರೀತಿದ್ದರು. ತಲೆ ತೂರಿಸಿದ್ದರೆ ಸಾಕಿತ್ತು. ಆ ಜಾಗದಲ್ಲಿ ನೀನಿದ್ದರೆ ಏನು ಮಾಡ್ತೀ ಅಂತ ನನಗೆ ಚೆನ್ನಾಗಿ ಗೊತ್ತು. ಅದಕ್ಕೇ ನಿದ್ದೆ ಬರ್ತಿಲ್ಲ.

ಹ್ಯಾಕೆಟ್ ಮಾಡಿದ್ದಕ್ಕೆ ಕೈ ಮುಗೀತೀನಿ. ನೀನು ಮಾತ್ರ ಹೊರಗೆ ಬಾ. ಹೀಗನ್ನೋದು ನ್ಯಾಯ ಅಲ್ಲ. ಆ ಕಾಲಿನ್ಸನ ಮನೆಯಲ್ಲೂ ಯಾರೋ ಕಾಯ್ತಾ ಇದ್ದರಲ್ಲ. ಆದರೂ ಬಾ.

ಇನ್ನೊಂದು. ಬ್ಲಾಸ್ಟ್ ಆದ ಮೇಲೆ ಸಪೋರ್ಟ್ ಕೊಡದ ಸೂರಿನ ಕೆಳಗೆ ಅರೆಗಳಿಗೆಯೂ ನಿಲ್ಲಬೇಡ. ಹಾರೆಯಿಂದ ಬಂಡೆ ಬಡಿದಾಗ ಗಟ್ಟಿ ಕಲ್ಲು ಠಣ್ ಅನ್ನುತ್ತೆ. ಡಬ್ ಡಬ್ ಅಂದರೆ ಒಳಗೆ ಬಿಟ್ಟುಕೊಂಡಿದೆ ಅಂತ, ಹಿಂದೆ ಸರಿ. ಎಂಜಿನಿಯರ್ ಅನ್ನೋ ಬಿಂಕ ಬೇಡ, ಹಳೇ ಕೆಲಸಗಾರರ ಕಿವಿ ನಂಬು. 2023ರಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಮಂದಿ 17 ದಿನ ಒಳಗಿದ್ದಾಗ, ಯಂತ್ರ ಕೈಕೊಟ್ಟ ಮೇಲೆ ಕೊನೆಯ ಮಣ್ಣು ಕಿತ್ತಿದ್ದು ಕೈಯಲ್ಲಿ ತೋಡುವವರೇ. ಒಳಗೆ ಹೋಗುವಾಗ, ಬರುವಾಗ ನಿನ್ನ ಹೆಸರು ನೀನೇ ಬರೆಸು. ಖಾಲಿ ಹೊಟ್ಟೆಯಲ್ಲಿ ಶಿಫ್ಟಿಗೆ ಇಳೀಬೇಡ.

ಹೃಷಿಕೇಶ ಮುಟ್ಟಿದ ಕೂಡಲೇ ಅಮ್ಮನಿಗೆ ಫೋನ್ ಮಾಡು. ನನಗೆ ಬೇಡ, ಮತ್ತೆ ಇದೇ ಪುರಾಣ ಶುರು ಮಾಡ್ತೀನಿ.

ನಿನ್ನ
ಅಪ್ಪ