ಪುಸ್ತಕದ ಪಿಡಿಎಫ್ ಮಾರುವವರ ಮೇಲೆ ದೂರು ಯಾರಿಗೆ ಕೊಡೋಣ? ಗೃಹ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ,

ನಮಸ್ಕಾರ. ನಾನೊಬ್ಬ ಸಣ್ಣ ಪ್ರಕಾಶಕ. ಕತೆ, ಕವಿತೆಯ ಜೊತೆಗೆ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳನ್ನೂ ತರುತ್ತೇನೆ. ನಿಜ ಹೇಳಬೇಕೆಂದರೆ ಪರೀಕ್ಷೆ ಪುಸ್ತಕದ ದುಡ್ಡಿನಲ್ಲೇ ಕವನ ಸಂಕಲನಗಳು ಅಚ್ಚಾಗುತ್ತವೆ. ಈಗ ಆ ದುಡ್ಡಿಗೇ ಕನ್ನ ಬಿದ್ದಿದೆ. ಪುಸ್ತಕ ಅಂಗಡಿ ಸೇರಿದ ಕೆಲವೇ ದಿನಕ್ಕೆ ಅದರ ಪಿಡಿಎಫ್ ಮೆಸೇಜಿಂಗ್ ಆ್ಯಪ್‌ಗಳ ಚಾನೆಲ್‌ಗಳಲ್ಲಿರುತ್ತದೆ. ಕೆಎಎಸ್, ಪಿಡಿಒ, ಪಿಎಸ್‌ಐ ಅಂತ ಬೇರೆ ಬೇರೆ ಕಟ್ಟು ಮಾಡಿ, ಯುಪಿಐನಲ್ಲಿ ದುಡ್ಡು ಹಾಕಿಸಿಕೊಂಡು ಮಾರುತ್ತಾರೆ. ಪಿಎಸ್‌ಐ ಆಗಲು ಓದುವವರೇ ಕದ್ದ ಪುಸ್ತಕ ಕೊಳ್ಳುವುದು ನಿಮ್ಮ ಇಲಾಖೆಗೇ ಸೇರಿದ ತಮಾಷೆ.

ಓದುಗರು ಇಷ್ಟವಾದ ಪದ್ಯವನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡರೆ ನನ್ನ ತಕರಾರಿಲ್ಲ. ಬರೆದವರ ಹೆಸರು ಉಳಿಸಿದರೆ ಸಾಕು. ಈಗೀಗ ಅದನ್ನೇ ಮೊದಲು ಅಳಿಸುತ್ತಾರೆ, ಅದು ಬೇರೆ ಮಾತು. ಹಳೆಯ ಪುಸ್ತಕಗಳ ಬಗ್ಗೆಯೂ ಅಲ್ಲ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ. ಲೇಖಕರ ನಂತರದ 60 ವರ್ಷದ ಹಕ್ಕು ಮುಗಿದಿರುವುದರಿಂದ ಅವರ ಕವಿತೆಗಳನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ನನ್ನ ದೂರು ಇರುವುದು ಮಾರಿ ದುಡ್ಡು ಮಾಡುವವರ ಮೇಲೆ.

ದೂರು ಹಿಡಿದು ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಎಂದರು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ (ಸಿಇಎನ್) ಠಾಣೆಯಲ್ಲಿ ‘ನಿಮ್ಮ ಅಕೌಂಟಿಂದ ದುಡ್ಡು ಹೋಗಿದೆಯಾ?’ ಎಂದು ಕೇಳಿದರು. ಇಲ್ಲ ಎಂದೆ. ಮಾತು ಅಲ್ಲಿಗೇ ಮುಗಿಯಿತು.

ಕಾನೂನು ಹೇಳುವುದು ಬೇರೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 63ನೇ ಸೆಕ್ಷನ್‌ನಲ್ಲಿ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಇದು ಸಂಜ್ಞೇಯ ಅಪರಾಧ ಎಂದು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂದರೆ ಕೋರ್ಟಿನ ಅಪ್ಪಣೆಗೆ ಕಾಯದೆ ಪೊಲೀಸರೇ ಎಫ್‌ಐಆರ್ ಹಾಕಬೇಕು. ಅದಕ್ಕೂ ಮೊದಲು ಹೈಕೋರ್ಟುಗಳಲ್ಲೇ ಒಮ್ಮತ ಇರಲಿಲ್ಲ, ಒಪ್ಪುತ್ತೇನೆ. ಆ ಗೊಂದಲ ಠಾಣೆಗಳಲ್ಲಿ ಮಾತ್ರ ಇನ್ನೂ ಹಾಗೇ ಇದೆ.

‘ಚಾನೆಲ್ ನಡೆಸುವವರನ್ನು ಪತ್ತೆ ಮಾಡೋಕಾಗಲ್ಲ’ ಅನ್ನುವುದೂ ಸುಮ್ನೆ ನೆಪ. ಕೋಚಿಂಗ್ ಪಾಠಗಳ ಕಳ್ಳತನದ ಪ್ರಕರಣದಲ್ಲಿ, ಅಂಥವರ ವಿವರ ಕೊಡಿ ಎಂದು ದೆಹಲಿ ಹೈಕೋರ್ಟ್ ಅದೇ ವರ್ಷ ಟೆಲಿಗ್ರಾಂಗೆ ಆದೇಶ ಕೊಟ್ಟಿತ್ತು. ಸಾಲದ್ದಕ್ಕೆ ದುಡ್ಡು ಹಾಕಿಸಿಕೊಳ್ಳುವ ನಂಬರ್ ಜಾಹೀರಾತಿನಲ್ಲೇ ಇರುತ್ತದಲ್ವಾ?

ಇನ್ನು ಆ್ಯಪ್ ಕಂಪನಿಗೆ ಬರೆಯುವ ದಾರಿ. ದೂರು ಸರಿಯಿದ್ದರೆ 36 ಗಂಟೆಯಲ್ಲಿ ತೆಗೆಯಬೇಕೆಂದು ನಿಯಮವಿದೆ. ಆದರೆ 21 ದಿನದೊಳಗೆ ನಾವು ಕೋರ್ಟ್ ಆದೇಶ ತರದಿದ್ದರೆ ಅವರು ಮತ್ತೆ ಹಾಕಬಹುದು. ಇನ್ನೂರು ರೂಪಾಯಿ ಪುಸ್ತಕಕ್ಕೆ ವಕೀಲರ ಫೀಸು ಎಲ್ಲಿಂದ ತರೋಣ? ಅಷ್ಟರಲ್ಲಿ ಇನ್ನೊಂದು ಹೆಸರಿನ ಚಾನೆಲ್ ಶುರುವಾಗಿರುತ್ತದೆ.

ದುಡ್ಡಿಗಾಗಿ ಕೃತಿಸ್ವಾಮ್ಯ ಮುರಿಯುವವರೂ ಸೇರಿದಂತೆ ‘ಡಿಜಿಟಲ್ ಅಪರಾಧಿ’ಗಳನ್ನು ನಮ್ಮ ರಾಜ್ಯ 2014ರಲ್ಲಿ ಗೂಂಡಾ ಕಾಯ್ದೆಗೇ ಸೇರಿಸಿತು. ವಿಚಾರಣೆಯಿಲ್ಲದೆ ವರ್ಷದವರೆಗೆ ಒಳಗಿಡುವ ಕಾಯ್ದೆ ಅದು. ಗುಬ್ಬಿ ಮೇಲೆ ಅಂಥ ಬ್ರಹ್ಮಾಸ್ತ್ರ ಬೇಡ ಸ್ವಾಮಿ. ಮಾಮೂಲಿ ಎಫ್‌ಐಆರ್ ಸಾಕು.

ನಾನು ಕೇಳುವುದು ಪೊಲೀಸ್ ಮಹಾನಿರ್ದೇಶಕರ ಕಚೇರಿಯಿಂದ ಒಂದು ಸುತ್ತೋಲೆ. ಪುಸ್ತಕದ ದೂರನ್ನೂ ಸೆನ್ ಠಾಣೆಗಳು ತೆಗೆದುಕೊಳ್ಳಬೇಕು ಅಂತ ಅದರಲ್ಲಿರಲಿ. ನೋಂದಣಿ ಸರ್ಟಿಫಿಕೇಟ್ ತನ್ನಿ ಎಂದು ವಾಪಸ್ ಕಳಿಸಬಾರದು ಅಂತಲೂ ಇರಲಿ. ಕೃತಿಸ್ವಾಮ್ಯಕ್ಕೆ ನೋಂದಣಿ ಕಡ್ಡಾಯವಲ್ಲ. ಅಚ್ಚಾದ ಪುಸ್ತಕ, ಲೇಖಕರ ಜೊತೆಗಿನ ಒಪ್ಪಂದ ನಮ್ಮ ಹತ್ತಿರ ಇರುತ್ತವೆ. ಸುತ್ತೋಲೆಯನ್ನು ಇಲಾಖೆಯ ವೆಬ್‌ಸೈಟಿನಲ್ಲೂ ಹಾಕಿಸಿ. ಮುಂದಿನ ಸಲ ಅದರ ಪ್ರಿಂಟ್ ಹಿಡಿದುಕೊಂಡೇ ಠಾಣೆಗೆ ಹೋಗುತ್ತೇವೆ.

ಇಂತಿ,
ಒಬ್ಬ ಕನ್ನಡ ಪ್ರಕಾಶಕ