ಗಾಳಿ ಎದ್ದರೆ ಟಿಕೆಟ್ ದುಡ್ಡು ವಾಪಸ್ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಾನು ಶರಾವತಿ ಹಿನ್ನೀರಿನ ತುಮರಿ ಕಡೆಯವನು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ, ಸಿಗಂದೂರು ಸೇತುವೆ ಆದದ್ದು 2025ರ ಜುಲೈನಲ್ಲಿ. ನಡುವಿನ ಅರವತ್ತು ವರ್ಷ ನಮಗೆ ಸಾಗರ ಪೇಟೆಗೆ ಹತ್ತಿರದ ದಾರಿ ಅಂದರೆ ನೀರೇ. ತೆಪ್ಪ, ದೋಣಿ, ಆಮೇಲೆ ಲಾಂಚು. ಹಾಗಾಗಿ ನೀರಿನ ಮೇಲಿನ ಗಾಳಿ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಏಪ್ರಿಲ್ ರಜೆಯಲ್ಲಿ ಆ ಜಂಬ ಇಳಿಯಿತು.

ಬೆಂಗಳೂರಿಂದ ತಂಗಿ, ಭಾವ, ಮಕ್ಕಳು ಬಂದಿದ್ದರು. ಮಕ್ಕಳ ಹಟಕ್ಕೆ ಹಿನ್ನೀರಿನ ದಡದ ಒಂದು ಬೋಟಿಂಗ್ ಜಾಗಕ್ಕೆ ಹೋದೆವು. ಹೆಸರು ಬೇಡ, ಅವರೊಬ್ಬರದೇ ಕಥೆ ಅಲ್ಲ ಇದು. ಮಧ್ಯಾಹ್ನ ಮೂರೂವರೆ. ನೆತ್ತಿ ಸುಡುವ ಬಿಸಿಲು, ಮೂಡಣ ಕಡೆ ಮಾತ್ರ ಮೋಡ ಕಪ್ಪಗಾಗಿ ಒಂದೆರಡು ಸಲ ಗುಡುಗಿತ್ತು. ನಾನು ಕೌಂಟರಿನಲ್ಲಿ ಕೇಳಿದೆ, "ಒಂದು ಗಂಟೆ ಬಿಟ್ಟು ಹೋಗಬಹುದಾ?" ಆತ ತಲೆ ಎತ್ತದೆ ಹೇಳಿದ, "ಟಿಕೆಟ್ ಹರಿದಾಯ್ತು ಸರ್, ಈಗ ಹೋಗದಿದ್ದರೆ ದುಡ್ಡು ವಾಪಸ್ ಇಲ್ಲ." ಸರಿ, ಹತ್ತಿದೆವು. ದುಡ್ಡು ಕೊಟ್ಟಾಗಿದೆಯಲ್ಲ! ಈ ಕಾಗದ ಬರೆಯಲು ಕಾರಣವೇ ಆ ಒಂದು ಯೋಚನೆ.

ದಡದ ಹತ್ತಿರ ನೀರು ಅಲುಗಾಡುತ್ತಲೇ ಇರಲಿಲ್ಲ. ಗಾಳಿ ಬರುವ ಕಡೆಗೇ ಗುಡ್ಡ, ಮರ ಇದ್ದರೆ ಹೀಗೇ ಆಗುತ್ತದೆ. ಮರೆಯಲ್ಲಿ ನಿಂತು ನೋಡಿದವನಿಗೆ ಇಡೀ ಹಿನ್ನೀರು ಶಾಂತವಾಗಿ ಕಾಣುತ್ತದೆ. ಗುಡ್ಡ ದಾಟಿ ಬಯಲಿಗೆ ಬಂದದ್ದೇ ತಡ, ಮಳೆಗಿಂತ ಮೊದಲು ತಣ್ಣನೆ ಗಾಳಿ ಬಂದು ಹೊಡೆಯಿತು. ಬೋಟಿನ ಮೇಲೆ ನೆರಳಿಗೆ ಕಟ್ಟಿದ ಟಾರ್ಪಲ್ ಉಬ್ಬಿ ಪಟಪಟ ಅನ್ನತೊಡಗಿತು. ನಾಲ್ಕು ಹನಿ ಬಿತ್ತು ಅಂತ ನಮ್ಮ ಭಾವ, ಪಾಪ, ಮಕ್ಕಳಿಗೆ ಅಂತ ಕೊಡೆ ಬಿಚ್ಚಿಬಿಟ್ಟರು. ಕೊಡೆ ಗಾಳಿ ಹಿಡಿದು ಅವರನ್ನೇ ಎಳೆಯಿತು. ಒಂದು ಕಡೆ ನೀರು ಎರಚಿದ್ದಕ್ಕೆ ಎಲ್ಲರೂ ಇನ್ನೊಂದು ಬದಿಗೆ ಸರಿದರು, ಬೋಟು ವಾಲಿತು. ತಂಗಿಯ ಮಗಳಿಗೆ ಏಳು ವರ್ಷ, ಹಾಕಿದ್ದು ದೊಡ್ಡವರ ಲೈಫ್ ಜಾಕೆಟ್, ಅದರ ಬಕಲ್ ಮುರಿದು ಹೋಗಿ ಹಳದಿ ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿದ್ದರು. ಅವಳು ಹೆದರಿ ಬಗ್ಗಿದಾಗ ಜಾಕೆಟ್ ಕಿವಿ ತನಕ ಮೇಲೆ ಬಂತು. ನೀರಿಗೆ ಬಿದ್ದಿದ್ದರೆ ಜಾಕೆಟ್ ಮಾತ್ರ ತೇಲುತ್ತಿತ್ತು.

ಬೋಟು ನಡೆಸುತ್ತಿದ್ದ ಹುಡುಗ ನಮ್ಮನ್ನು ಉಳಿಸಿದ. "ಯಾರೂ ಏಳಬೇಡಿ, ಕೆಳಗೆ ಕೂತ್ಕೊಳ್ಳಿ" ಅಂತ ಕೂಗಿದ. ಹೊರಟ ಕಡೆಗೆ ತಿರುಗಿಸಲು ಹೋದರೆ ಅಲೆ ಅಡ್ಡಕ್ಕೆ ಹೊಡೆಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಬೋಟಿನ ಮೂತಿಯನ್ನು ಅಲೆಗೆ ಸ್ವಲ್ಪ ಓರೆಯಾಗಿ ಹಿಡಿದು, ವೇಗ ಇಳಿಸಿ, ಹತ್ತಿರದ ಗುಡ್ಡದ ಮರೆಗೆ ನಿಧಾನವಾಗಿ ತಂದು ನಿಲ್ಲಿಸಿದ. ಅಲ್ಲಿಂದ ಒಂದು ಪಿಕಪ್ ಗಾಡಿಯ ಹಿಂದೆ ನಿಂತು, ನೆಂದು ತೊಪ್ಪೆಯಾಗಿ ವಾಪಸ್ ಬಂದೆವು.

ನಮ್ಮ ಅದೃಷ್ಟ ಎಲ್ಲರಿಗೂ ಇರುವುದಿಲ್ಲ. 2024ರ ಮೇ 21ರಂದು ಮಹಾರಾಷ್ಟ್ರದ ಉಜನಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಂಜೆ ಹೊತ್ತು ಜೋರು ಗಾಳಿ ಎದ್ದು ಬೋಟು ಮಗುಚಿತು, ಆರು ಜನ ಹೋದರು. ಅವರು ಮೋಜಿಗೆ ಹೋದವರಲ್ಲ, ಊರಿಂದ ಊರಿಗೆ ಹೊರಟವರು. ಏಪ್ರಿಲ್, ಮೇ ತಿಂಗಳ ಮಳೆಯ ಗುಣವೇ ಇದು. ಬೆಳಿಗ್ಗೆ ಏನೂ ಇಲ್ಲ, ಮಧ್ಯಾಹ್ನದ ಮೇಲೆ ಮೋಡ ಕಟ್ಟಿ ಗಾಳಿ ಮೊದಲು, ಮಳೆ ಆಮೇಲೆ. ಮುಂಗಾರಿನ ಗಾಳಿ ಬೇರೆ ಥರ, ಅದು ದಿನಗಟ್ಟಲೆ ಬೀಸುತ್ತದೆ. ಅದು ಬರುತ್ತದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಹಾಗಾಗಿ ಜನ ಹುಷಾರಾಗಿರುತ್ತಾರೆ. ಬೇಸಿಗೆಯದು ಹೇಳದೆ ಕೇಳದೆ ಬರುವುದು.

ಕೆರೆ ತಾನೆ, ಸಮುದ್ರ ಅಲ್ಲವಲ್ಲ ಅನ್ನುವವರು ತುಂಬಾ ಜನ. ಗಾಳಿಗೆ ತಡೆಯಿಲ್ಲದ ನೀರು ಎಷ್ಟು ಉದ್ದ ಸಿಗುತ್ತದೋ ಅಲೆ ಅಷ್ಟು ಬೆಳೆಯುತ್ತದೆ, ಹಿನ್ನೀರಿನಲ್ಲಿ ಆ ಉದ್ದ ಕಿಲೋಮೀಟರ್ ಗಟ್ಟಲೆ ಇದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟು. ಮೀಟರ್ ಏನೂ ಬೇಡ, ದೂರದ ನೀರನ್ನು ನೋಡಿ. ಅಲೆಗಳ ತಲೆ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡರೆ ಎಚ್ಚರ. ಎಲ್ಲಾ ಕಡೆ ನೊರೆ ಕಂಡರೆ ಗಾಳಿ ಗಂಟೆಗೆ 20 ಕಿಲೋಮೀಟರ್ ದಾಟಿದೆ ಅಂತ ಲೆಕ್ಕ. ಪೆಡಲ್ ಬೋಟು, ತೆಪ್ಪಕ್ಕೆ ಅದು ಜಾಸ್ತಿಯೇ ಆಯಿತು. ತೆಪ್ಪ ದುಂಡಗಿರುವುದರಿಂದ ಗಾಳಿಗೆ ಬುಗುರಿ ತಿರುಗಿದ ಹಾಗೆ ತಿರುಗುತ್ತದೆ, ಹುಟ್ಟು ಹಾಕಿ ಹಾಕಿ ಕೈ ಸೋಲುತ್ತದೆ. ಸಾಲದ್ದಕ್ಕೆ ನಮ್ಮ ಮುಳುಗಡೆ ಜಾಗದಲ್ಲಿ ನೀರಿನ ಕೆಳಗೆ ಹಳೇ ಮರದ ಬೊಡ್ಡೆಗಳಿವೆ, ಗಾಳಿ ದಡದತ್ತ ತಳ್ಳಿದರೆ ಅವು ಸಿಗುತ್ತವೆ.

ನೀವೇ ಹುಟ್ಟು ಹಾಕುವುದಾದರೆ ಮೊದಲು ಗಾಳಿಗೆ ಎದುರಾಗಿ ಹೋಗಿ, ಸುಸ್ತಾದ ಮೇಲೆ ಅದೇ ಗಾಳಿ ವಾಪಸ್ ತಳ್ಳಿಕೊಂಡು ಬರುತ್ತದೆ. ಸುಮಾರು ಜನ ಉಲ್ಟಾ ಮಾಡುತ್ತಾರೆ. ಮಗುಚಿದರೆ ಬೋಟನ್ನೇ ಹಿಡಿದುಕೊಂಡಿರಿ. ದಡ ಹತ್ತಿರ ಕಾಣುತ್ತದೆ, ಇರುವುದಿಲ್ಲ. ಸಿಡಿಲಿನ ಮುನ್ಸೂಚನೆಗೆ ಸರ್ಕಾರಿ ವಿಜ್ಞಾನಿಗಳೇ ಮಾಡಿದ 'ದಾಮಿನಿ' ಆ್ಯಪ್ ಇದೆ, ಬೋಟಿಂಗ್ ಕೌಂಟರಿನ ಫೋನಿನಲ್ಲಿ ಅದೊಂದು ಇದ್ದರೂ ಸಾಕಿತ್ತು.

ನಿಯಮ ಇಲ್ಲ ಅಂತ ಅಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ದೋಣಿ ಸುರಕ್ಷತೆಗೆ ಮಾರ್ಗಸೂಚಿ ಕೊಟ್ಟಿದೆ, 2021ರಲ್ಲಿ ಒಳನಾಡಿನ ಜಲನೌಕೆಗಳಿಗೆ ಹೊಸ ಕಾಯ್ದೆಯೂ ಬಂದಿದೆ. ಆದರೆ ಮೋಡ ಕಂಡಾಗ "ಇವತ್ತು ಬೇಡ" ಅಂದರೆ ನಷ್ಟ ಯಾರಿಗೆ? ಬೋಟಿನವನಿಗೆ ಆ ದಿನದ ಸಂಪಾದನೆ ಹೋಗುತ್ತದೆ, ನಮಗೆ ಟಿಕೆಟ್ ದುಡ್ಡು ಹೋಗುತ್ತದೆ. ಇಬ್ಬರೂ ಹೋಗುವುದಕ್ಕೇ ಮನಸ್ಸು ಮಾಡುತ್ತಾರೆ. ಅದಕ್ಕೆ ಬೋಟಿಂಗ್ ಲೈಸೆನ್ಸ್ ಕೊಡುವವರು ಮೂರು ಷರತ್ತು ಹಾಕಲಿ. ಗಾಳಿಗೆ ನಿಲ್ಲಿಸಿದರೆ ಪೂರ್ತಿ ದುಡ್ಡು ವಾಪಸ್, ನಿಲ್ಲಿಸಿದ ದಿನವೂ ಬೋಟು ನಡೆಸುವವನಿಗೆ ಕೂಲಿ, ಕೆಂಪು ಬಾವುಟ ಏರಿಸುವ ಹಕ್ಕು ಕೌಂಟರಿನವನಿಗಲ್ಲ, ಅವನಿಗೆ. ನಾವು ಪ್ರವಾಸಿಗಳೂ ಬಾವುಟ ಕಂಡ ಮೇಲೆ "ನೂರು ರೂಪಾಯಿ ಎಕ್ಸ್‌ಟ್ರಾ ಕೊಡ್ತೀವಿ, ಒಂದು ರೌಂಡ್ ಹಾಕಿಸಪ್ಪ" ಅನ್ನುವುದನ್ನು ಬಿಡಬೇಕು. ನಾನೇ ಹಿಂದೆ ಹೀಗೆ ಅಂದವನು, ಸುಳ್ಳೇಕೆ.

ಹೋದ ವಾರ ಅದೇ ಜಾಗಕ್ಕೆ ಹೋಗಿ ಕೌಂಟರಿನಲ್ಲಿ ಇದನ್ನೆಲ್ಲ ಹೇಳಿದೆ. ಜಾಕೆಟ್ ರಾಶಿಯಲ್ಲಿ ಹಳದಿ ದಾರದ್ದು ಇನ್ನೂ ಇತ್ತು. ಆತ ಮರ್ಯಾದೆಯಿಂದಲೇ ಕೇಳಿಸಿಕೊಂಡು, "ಮೇಲಿನಿಂದ ಆರ್ಡರ್ ಬಂದರೆ ವಾಪಸ್ ಕೊಡ್ತೀವಿ ಸರ್" ಅಂದ. ಮೇಲಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಕೇಳುತ್ತಿದ್ದೇನೆ, ಆ ಆರ್ಡರ್ ಯಾವಾಗ ಕಳಿಸುತ್ತೀರಿ?

ಇಂತಿ,
ತುಮರಿ ಕಡೆಯ ಓದುಗ, ಸಾಗರ ತಾಲ್ಲೂಕು